ಸೀಲಿಲ್ಲದ ಬೆಳ್ಳಿ, ಮೂರು ಪಾಲು: ಬಳ್ಳಾರಿಯ ಒಂದು ಟ್ರಂಕಿನ ಪ್ರಕರಣ

ಬಳ್ಳಾರಿ ಕೌಲ್ ಬಜಾರಿನ ಒಂದು ಕುಟುಂಬ. ಅಣ್ಣ, ಅಕ್ಕ, ತಮ್ಮ ಮೂವರು. ತಾಯಿ ತೀರಿಕೊಂಡ ಮೇಲೆ ಮನೆ, ಹೊಲದ ಪಾಲು ಜಗಳವಿಲ್ಲದೆ ಮುಗಿಯಿತು. ಉಳಿದದ್ದು ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು. ಅದರೊಳಗೆ ಒಂದು ಟೀ ಪಾಟ್, ಸಕ್ಕರೆ ಬಟ್ಟಲು, ದೊಡ್ಡ ಟ್ರೇ, ಊಟದ ಸ್ಪೂನು ಮತ್ತು ಫೋರ್ಕು ತಲಾ ಒಂದು ಡಜನ್, ಬಿಳಿ ಹಿಡಿಯ ಆರು ಚಾಕು, ಸಣ್ಣದೊಂದು ಸೌಟು. ಟ್ರೇ ನಡುವೆ ಹೆಣೆದುಕೊಂಡ ಎರಡು ಇಂಗ್ಲಿಷ್ ಅಕ್ಷರಗಳ ಕೆತ್ತನೆ ಇದೆ. ಅದು ಬಿಟ್ಟರೆ ಯಾವುದರ ಮೇಲೂ ಸೀಲಿಲ್ಲ, ತಯಾರಕರ ಹೆಸರಿಲ್ಲ, ಅಂಕಿಯಿಲ್ಲ. ಆದರೂ ಮನೆಯಲ್ಲಿ ಅದು ಎಲ್ಲರ ಬಾಯಲ್ಲೂ 'ಬೆಳ್ಳಿ ಟ್ರಂಕು'.

ಇವರ ಮುತ್ತಾತ ಕಂಟೋನ್ಮೆಂಟಿನ ಮೆಸ್ಸಿಗೆ ದಿನಸಿ ಒದಗಿಸುತ್ತಿದ್ದರಂತೆ. ಊರು ಬಿಟ್ಟು ಹೊರಟ ಯಾರೋ ಸಾಹೇಬರ ಸಾಮಾನು ಹರಾಜಾದಾಗ ತಂದದ್ದು ಅಂತ ಮನೆಯ ಮಾತು. ನಂಬುವಂಥ ಮಾತೇ. ಬಳ್ಳಾರಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಆಮೇಲೆ ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡಿನ ಊರುಗಳಲ್ಲಿ ಇದೂ ಒಂದಾಯಿತು. ವರ್ಗವಾದಾಗ ಭಾರದ ಸಾಮಾನು ಮಾರಿ ಹೋಗುವುದು ಆ ಅಧಿಕಾರಿಗಳ ರೂಢಿ. ಹೀಗೆ ಬಂದ ಪಿಂಗಾಣಿ, ಗಡಿಯಾರ, ಸ್ಪೂನುಗಳು ಊರಿನ ಹಳೇ ಮನೆಗಳಲ್ಲಿ ಇನ್ನೂ ಸಿಗುತ್ತವೆ.

ತಕರಾರು ಶುರುವಾದದ್ದು ಸಕ್ಕರೆ ಬಟ್ಟಲಿನಿಂದ. ಅಣ್ಣ ಅದನ್ನು ಬೆಂಗಳೂರು ರಸ್ತೆಯ ಒಂದು ಅಂಗಡಿಗೆ ಒಯ್ದು ಮೆಷಿನ್ನಿನಲ್ಲಿ ಪರೀಕ್ಷೆ ಮಾಡಿಸಿದರು. ಬೆಳ್ಳಿ ನೂರಕ್ಕೆ 71 ಅಂತ ಚೀಟಿ ಬಂತು. ಟ್ರಂಕಿನ ಒಟ್ಟು ತೂಕ ನಾಲ್ಕು ಕಿಲೋ ದಾಟಿತ್ತು. ಅಣ್ಣನ ಲೆಕ್ಕ ಸರಳ: ತೂಕ ಹಾಕಿ ಮೂರು ಪಾಲು ಮಾಡುವುದು. ತಮ್ಮನಿಗೆ ಎಲ್ಲವನ್ನೂ ಒಟ್ಟಿಗೆ ಮಾರಿ ದುಡ್ಡು ಹಂಚುವ ಆಸೆ. ಹಳೇ ಸಾಮಾನು ಕೊಳ್ಳುವವರೊಬ್ಬರು ಆಗಲೇ ಬಂದು, ಕಿಲೋ ಲೆಕ್ಕದಲ್ಲಿ ಒಂದು ದರವನ್ನೂ ಹೇಳಿ ಹೋಗಿದ್ದರು. ಹಳೆಯ ಲೋಹದ ಸಾಮಾನು ನೋಡಿ ಹೇಳುವುದು ನನ್ನ ಕೆಲಸ. ಅಕ್ಕ ಬಂದು ಕೇಳಿದ್ದು ಇಷ್ಟೇ: "ಸರ್, ತೂಕದ ಮೇಲೆ ಹಂಚಿಕೊಂಡ್ರೆ ಯಾರಿಗಾದ್ರೂ ಮೋಸ ಆಗ್ತದೇನ್ರಿ?"

ಆಗುತ್ತದೆ. ಸೀಲಿಲ್ಲದ ಸಾಮಾನಿನ ಟ್ರಂಕನ್ನು ಒಂದೇ ಸರಕು ಅಂತ ತಿಳಿಯಲೇಬಾರದು. ಒಂದೊಂದನ್ನೂ ಬೇರೆಬೇರೆಯಾಗಿ ಕೈಗೆತ್ತಿಕೊಂಡು ನೋಡಬೇಕು.

ಸೀಲು ಇಲ್ಲದ್ದಕ್ಕೆ ಅರ್ಥವೇನು

ಸೀಲಿಲ್ಲ ಅಂದರೆ ಬೆಳ್ಳಿಯಲ್ಲ ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಇದು ಅರ್ಧ ಮಾತ್ರ ನಿಜ. ಇಂಗ್ಲೆಂಡಿನಲ್ಲಿ ಗಟ್ಟಿ ಬೆಳ್ಳಿಯ ಸಾಮಾನಿಗೆ ಕಾಯ್ದೆಯ ಪ್ರಕಾರ ಶುದ್ಧತೆಯ ಗುರುತಾದ ಹಾಲ್‌ಮಾರ್ಕ್ ಹಾಕಿಸಲೇಬೇಕಿತ್ತು. ನೂರಕ್ಕೆ 92.5 ಬೆಳ್ಳಿ ಇದ್ದರೆ ನಡೆಯುವ ಸಿಂಹದ ಗುರುತು. ಹಾಗಾಗಿ ಅಲ್ಲಿಂದ ಬಂದ ಸ್ಪೂನಿನ ಮೇಲೆ ಏನೂ ಇಲ್ಲದಿದ್ದರೆ ಅದು ಬೇರೆ ಲೋಹದ ಮೇಲೆ ಬೆಳ್ಳಿ ಹಿಡಿಸಿದ ಲೇಪದ್ದೇ ಅನ್ನಲು ಒಳ್ಳೆಯ ಕಾರಣವಿದೆ.

ಲೇಪದ ಸಾಮಾನಿಗೆ ಅಂಥ ಕಡ್ಡಾಯ ಇರಲಿಲ್ಲ. ತಿರುಗಾ ಮುರುಗಾ, 1773ರಲ್ಲಿ ಬಂದ ಕಾಯ್ದೆ ಬೆಳ್ಳಿ ಹೊದಿಸಿದ ಸಾಮಾನಿನ ಮೇಲೆ ಗುರುತು ಒತ್ತುವುದನ್ನೇ ತಡೆಯಿತು. ಜನ ಅದನ್ನು ಗಟ್ಟಿ ಬೆಳ್ಳಿ ಅಂದುಕೊಂಡು ಮೋಸ ಹೋಗಬಾರದು ಅಂತ. 1784ರಲ್ಲಿ ತಯಾರಕರ ಗುರುತಿಗೆ ಅವಕಾಶ ಸಿಕ್ಕಿತು. ಆಮೇಲಿನ ಕಾಲದ ಇಪಿಎನ್‌ಎಸ್ (ನಿಕಲ್ ಬೆರೆತ ಲೋಹದ ಮೇಲೆ ಕರೆಂಟಿನಿಂದ ಬೆಳ್ಳಿ ಹಿಡಿಸಿದ್ದು ಅಂತ ಅರ್ಥ) ಅನ್ನುವ ಅಕ್ಷರಗಳೂ ತಯಾರಕರು ತಾವಾಗಿ ಒತ್ತಿದ್ದು. ಎಷ್ಟೋ ಸೆಟ್ಟುಗಳಲ್ಲಿ ಟೀ ಪಾಟಿನ ತಳದಲ್ಲಿ ಮಾತ್ರ ಗುರುತು ಇರುತ್ತದೆ, ಉಳಿದವು ಖಾಲಿ. ಉಜ್ಜಿ ಉಜ್ಜಿ ಸವೆದು ಹೋದದ್ದೂ ಉಂಟು, ಮತ್ತೆ ಲೇಪ ಹಾಕುವಾಗ ತಿಕ್ಕಿ ಅಳಿಸಿದ್ದೂ ಉಂಟು.

ಆದರೆ ನಮ್ಮಲ್ಲಿ ಮಾಡಿದ ಬೆಳ್ಳಿಗೆ ಈ ಮಾತು ಹೊಂದುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಹಾಲ್‌ಮಾರ್ಕ್ ಕಾಯ್ದೆಯೇ ಇರಲಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ದೊಡ್ಡ ಮಳಿಗೆಗಳು ತಮ್ಮ ಹೆಸರು ಒತ್ತುತ್ತಿದ್ದವು. ಊರಿನ ಪತ್ತಾರರು ಮಾಡಿದ್ದರ ಮೇಲೆ ಏನೂ ಇರುತ್ತಿರಲಿಲ್ಲ. ಭಾರತದಲ್ಲಿ ಬೆಳ್ಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಅಂದರೆ ನಮ್ಮ ಅಜ್ಜಿಯರ ಕಾಲದ ಅಪ್ಪಟ ಬೆಳ್ಳಿ ತಟ್ಟೆಗೂ ಸೀಲಿಲ್ಲ, ಅಲ್ವಾ? ಈ ಟ್ರಂಕಿನಲ್ಲಿ ಅಂಥ ಒಂದು ಸಾಮಾನೂ ಸೇರಿಕೊಂಡಿತ್ತು.

ಮೆಷಿನ್ನಿನ ಚೀಟಿ

"ಮಿಷನ್ನೇ ಹೇಳೈತಲ್ರಿ, ಇನ್ನೇನ್ ಬೇಕು?" ಇದು ಅಣ್ಣನ ವಾದ. ಮೆಷಿನ್ ಸುಳ್ಳು ಹೇಳಿರಲಿಲ್ಲ. ಅದು ಎಕ್ಸ್-ರೇ ಬಿಟ್ಟು, ವಾಪಸ್ ಬರುವ ಕಿರಣಗಳಿಂದ ಲೋಹಗಳನ್ನು ಗುರುತಿಸುತ್ತದೆ. ಅದಕ್ಕೆ ಕಾಣುವುದು ಮೇಲಿನ ತೆಳು ಪದರ ಮಾತ್ರ, ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ ಆಳ. ಬಳೆ, ಉಂಗುರ ಒಳಗೂ ಹೊರಗೂ ಒಂದೇ ಲೋಹವಾಗಿದ್ದರೆ ಇಷ್ಟು ಸಾಕು. ಲೇಪದ ಸಾಮಾನಿನಲ್ಲಿ ಅದು ಲೇಪವನ್ನೂ ಕೆಳಗಿನ ಲೋಹವನ್ನೂ ಬೆರೆಸಿ ಒಂದು ಲೆಕ್ಕ ಕೊಡುತ್ತದೆ. ಆ 71 ಬಂದದ್ದು ಹೀಗೆ.

ಚೀಟಿಯಲ್ಲಿ ಬೆಳ್ಳಿಯ ಕೆಳಗಿನ ಸಾಲುಗಳನ್ನು ಯಾರೂ ಓದಿರಲಿಲ್ಲ. ತಾಮ್ರ, ನಿಕಲ್, ಸತು. ಬೆಳ್ಳಿಗೆ ತಾಮ್ರ ಬೆರೆಸುವುದು ಎಲ್ಲ ಕಡೆಯ ವಾಡಿಕೆ. ನಿಕಲ್ ಮತ್ತು ಸತು ಜೊತೆಯಾಗಿ ಕಂಡರೆ ಕೆಳಗಿರುವುದು ಜರ್ಮನ್ ಸಿಲ್ವರ್ ಅಂತ ಅನುಮಾನ ಪಡಬೇಕು. ಅದು ಸುಮಾರು 60 ಪಾಲು ತಾಮ್ರ, ಉಳಿದದ್ದು ನಿಕಲ್ ಮತ್ತು ಸತು. ಬೆಳ್ಳಿ ಒಂಚೂರೂ ಇಲ್ಲ.

ವಾದ ಬೆಳೆಸುವುದಕ್ಕಿಂತ, ಅದೇ ಮೆಷಿನ್ನಿನಲ್ಲಿ ಒಂದು ಸ್ಪೂನನ್ನು ಎರಡು ಕಡೆ ನೋಡಿಸಿ ಅಂದೆ. ಮೊದಲು ಹಿಡಿಯ ಮೇಲೆ. ಆಮೇಲೆ ಸ್ಪೂನಿನ ಬಟ್ಟಲ ಬೆನ್ನಿನಲ್ಲಿ, ಮೇಜಿಗೆ ತಾಗಿ ಸವೆಯುವ ಜಾಗದಲ್ಲಿ. ಹಿಡಿಯಲ್ಲಿ ಬೆಳ್ಳಿ ಜಾಸ್ತಿ ಬಂತು, ಬೆನ್ನಿನಲ್ಲಿ ನೂರಕ್ಕೆ ಹತ್ತೂ ಬರಲಿಲ್ಲ. ಗಟ್ಟಿ ಬೆಳ್ಳಿ ಎಷ್ಟೇ ಸವೆದರೂ ಬೆಳ್ಳಿಯೇ. ಅಣ್ಣ ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ತೂಕದ ಮಾತು ಎತ್ತಲಿಲ್ಲ.

ಸವೆತ ನೋಡುವುದು

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಸವೆತದ ಮೇಲೆ. ಬೆಳಗಿನ ಬಿಸಿಲಿನಲ್ಲಿ, ಕಿಟಕಿ ಪಕ್ಕ, ಹತ್ತರಷ್ಟು ದೊಡ್ಡದು ಮಾಡುವ ಲೆನ್ಸ್ ಸಾಕು. ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಮೇಜಿಗೆ ತಾಗುತ್ತದೆ, ಎಲ್ಲಿ ಉಜ್ಜುವ ಬಟ್ಟೆ ಜೋರಾಗಿ ಓಡುತ್ತದೆ ಅನ್ನುವುದನ್ನು ಯೋಚಿಸಿ ಆ ಜಾಗಗಳನ್ನೇ ನೋಡಬೇಕು. ಈ ಮನೆಯಲ್ಲಿ ದಸರೆಗೆ ಮುಂಚೆ ಇವನ್ನು ಹಿತ್ತಾಳೆ ಪಾತ್ರೆಗಳ ಜೊತೆಗೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಲೇಪಕ್ಕೆ ಅದು ಒಳ್ಳೆಯದಲ್ಲ. ನೋಡುವವರಿಗೆ ಮಾತ್ರ ಕೆಲಸ ಸುಲಭವಾಯಿತು.

ಫೋರ್ಕಿನ ಹಲ್ಲುಗಳ ತುದಿ, ಸ್ಪೂನಿನ ಬೆನ್ನು, ಸಕ್ಕರೆ ಬಟ್ಟಲಿನ ಕಾಲು: ಇಲ್ಲೆಲ್ಲ ಕೆಳಗಿನಿಂದ ಮಾಸಿದ ಹಳದಿ ಕಂಡಿತು. ಅದು ಜರ್ಮನ್ ಸಿಲ್ವರಿನ ಬಣ್ಣ. ಟ್ರೇಯ ಅಂಚು ಮತ್ತು ಕೆತ್ತನೆಯ ಸುತ್ತ ಕೆಂಪು, ಅಂದರೆ ತಾಮ್ರ. ಟೀ ಪಾಟಿನ ಮೂತಿಯ ಬುಡದಲ್ಲಿ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಮೋಡದ ಬಣ್ಣದ ಬೂದು. ಒಂದೇ ಟ್ರಂಕಿನಲ್ಲಿ ಮೂರು ಲೋಹ! ಟೀ ಪಾಟ್ ಮತ್ತು ಸಕ್ಕರೆ ಬಟ್ಟಲು ಒಂದೇ ಸೆಟ್ಟಿನವು ಅಂತ ಮನೆಯವರು ನಂಬಿದ್ದರು. ಕಾಲಿನ ಆಕಾರ ಸ್ವಲ್ಪ ಹೋಲುತ್ತದೆ, ಲೋಹ ಬೇರೆ.

ಟೀ ಪಾಟನ್ನು ಬೆರಳಿನಿಂದ ತಟ್ಟಿದರೆ ಮಂಕು ಸದ್ದು. ಸಕ್ಕರೆ ಬಟ್ಟಲು ಕಣ್ ಅನ್ನುತ್ತದೆ. ಟೀ ಪಾಟಿನ ಮುಚ್ಚಳದ ಅಂಚು ಅಲ್ಲಲ್ಲಿ ನೆಗ್ಗಿದೆ. ಇದು ಬ್ರಿಟಾನಿಯಾ ಮೆಟಲ್: ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತವರ, ಜೊತೆಗೆ ಆಂಟಿಮನಿ, ಸ್ವಲ್ಪ ತಾಮ್ರ. ತಮ್ಮನ ಮನೆಯವರಿಗೆ ಇದರಲ್ಲೇ ಟೀ ಕಾಯಿಸುವ ಆಸೆ ಇತ್ತು. ದಯವಿಟ್ಟು ಬೇಡ ಅಂದೆ. ಈ ಲೋಹ 250 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಗ್ಯಾಸ್ ಒಲೆಯ ಮೇಲೆ ಇಟ್ಟು ಮರೆತರೆ, ನೀರು ಆರಿದ ಕೂಡಲೇ ತಳ ಕೂತು ಹೋಗುತ್ತದೆ. ಹಳೇ ಬೆಸುಗೆಯಲ್ಲಿ ಸೀಸವೂ ಇರಬಹುದು. ಅದು ಶೋಕೇಸಿನಲ್ಲಿ ಇರುವುದೇ ಚೆನ್ನ.

ನೀರಿನ ತೂಕ

ಸವೆಯದ ಸಾಮಾನು ಬಂದರೆ ಏನು ಮಾಡುವುದು? ಸೌಟಿನ ಪ್ರಶ್ನೆ ಅದೇ ಆಗಿತ್ತು. ಅದರ ಮೇಲೆ ಎಲ್ಲೂ ಬೇರೆ ಬಣ್ಣ ಕಾಣಲಿಲ್ಲ. ಪೂರ್ತಿ ಕಪ್ಪಾಗಿತ್ತು, ಆ ಕಪ್ಪು ಎಲ್ಲ ಕಡೆ ಒಂದೇ ಸಮ. ಇಲ್ಲಿ ಅರ್ಥವಾಗುವ ಹಾಗೆ ಪೂರ್ತಿ ವಿಧಾನ ಬರೆಯುತ್ತೇನೆ, ಮನೆಯಲ್ಲೇ ಮಾಡಬಹುದು.

0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಮೊದಲು ಸಾಮಾನನ್ನು ಒಣಗಿಸಿ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ನೀರು ತುಂಬಿದ ಗ್ಲಾಸು ಇಟ್ಟು ಸೊನ್ನೆಗೆ ತನ್ನಿ. ಸಾಮಾನನ್ನು ತೆಳು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಸಾಮಾನಿನ ಗಾತ್ರ ಅಷ್ಟೇ ಘನ ಸೆಂಟಿಮೀಟರ್. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಗುಳ್ಳೆ ಅಂಟುವುದಿಲ್ಲ. ನಮ್ಮ ಬೇಸಿಗೆಯಲ್ಲಿ ನೀರು 35 ಡಿಗ್ರಿ ಇದ್ದರೂ ಲೆಕ್ಕ ನೂರಕ್ಕೆ ಒಂದು ಪಾಲೂ ತಪ್ಪುವುದಿಲ್ಲ.

ಬೆಳ್ಳಿಯ ಸಾಂದ್ರತೆ 10.49. ಇಂಗ್ಲಿಷ್ ಸ್ಟರ್ಲಿಂಗ್ ಬೆಳ್ಳಿ 10.3 ಹತ್ತಿರ. ತಾಮ್ರ 8.96, ಜರ್ಮನ್ ಸಿಲ್ವರ್ 8.7 ಆಸುಪಾಸು, ಬ್ರಿಟಾನಿಯಾ ಮೆಟಲ್ 7.3 ಆಸುಪಾಸು.

ಸಕ್ಕರೆ ಬಟ್ಟಲು 214 ಗ್ರಾಂ. ನೀರಿನಲ್ಲಿ ತಕ್ಕಡಿ ತೋರಿಸಿದ್ದು 24.6. ಭಾಗಿಸಿದರೆ 8.7. ಅದು ನಿಜಕ್ಕೂ ನೂರಕ್ಕೆ 71 ಬೆಳ್ಳಿ ಆಗಿದ್ದರೆ 10ರ ಹತ್ತಿರ ಬರಬೇಕಿತ್ತು. ಸ್ಪೂನು 68 ಗ್ರಾಂ, ನೀರಿನಲ್ಲಿ 7.85, ಅದೂ 8.7 ಹತ್ತಿರವೇ.

ಸೌಟು 54.6 ಗ್ರಾಂ. ನೀರಿನಲ್ಲಿ 5.3. ಭಾಗಿಸಿದಾಗ 10.3.

ಅಕ್ಕ ಮತ್ತೊಮ್ಮೆ ಮಾಡಿ ಅಂದರು. ಮತ್ತೊಮ್ಮೆ ಮಾಡಿದರೂ ಅದೇ ಬಂತು. ಸೀಸ ಬೆರೆಸಿ ಭಾರ ಮಾಡಿದ ಸಾಮಾನು ಇರಬಹುದೇ ಅಂತ ಕೇಳಬಹುದು. ಸೀಸದ ಸೌಟು ಕೈಯಲ್ಲೇ ಬಾಗುತ್ತದೆ, ಇದರ ಹಿಡಿ ಜಗ್ಗಲಿಲ್ಲ. ಆದರೂ ಒಬ್ಬ ಹಿರಿಯ ಪತ್ತಾರರ ಹತ್ತಿರ ಒಯ್ದೆವು. ಅವರು ಹಿಡಿಯ ಹಿಂಭಾಗವನ್ನು ಒರೆಗಲ್ಲಿನ ಮೇಲೆ ಒಂದೇ ಒಂದು ಗೀರು ಎಳೆದರು. ಅದರ ಮೇಲೆ ನೈಟ್ರಿಕ್ ಆಸಿಡ್ ಮುಟ್ಟಿಸಿ, ಪಕ್ಕದಲ್ಲಿದ್ದ ಉಪ್ಪು ನೀರಿನ ಹನಿ ಬಿಟ್ಟರು. ಕಲ್ಲಿನ ಮೇಲೆ ಬಿಳಿ ಹೆಪ್ಪು ಎದ್ದಿತು. ಬೆಳ್ಳಿ ಆಸಿಡ್‌ನಲ್ಲಿ ಕರಗಿ ಉಪ್ಪಿನ ಜೊತೆ ಸೇರಿದರೆ ಹೀಗೆ ಬಿಳಿಯಾಗಿ ಕೂರುತ್ತದೆ. ತಾಮ್ರ, ನಿಕಲ್ ಮಾತ್ರ ಇದ್ದಿದ್ದರೆ ಹಸಿರು ಬಣ್ಣ ಬಂದು, ಹೆಪ್ಪು ಕಟ್ಟುತ್ತಿರಲಿಲ್ಲ. ಲೇಪದ ಸಾಮಾನಿಗೆ ಈ ಒರೆ ಪರೀಕ್ಷೆ ಮಾತ್ರ ಮಾಡಿದರೆ ಮೋಸ ಹೋಗುತ್ತೀರಿ, ಮೇಲಿನ ಲೇಪವೇ ಕಲ್ಲಿಗೆ ಹತ್ತುತ್ತದೆ. ನೀರಿನ ತೂಕ ಮೊದಲೇ ಆಗಿದ್ದಕ್ಕೆ ಇಲ್ಲಿ ಅದು ನಂಬುವ ಸಾಕ್ಷಿಯಾಯಿತು.

ಸೌಟಿನ ಬಟ್ಟಲ ಒಳಗೆ ಲೆನ್ಸ್ ಹಿಡಿದರೆ ಸುತ್ತಿಗೆಯ ಸಣ್ಣ ಏಟುಗಳು ಸುತ್ತು ಸುತ್ತಾಗಿ ಕಾಣುತ್ತವೆ. ಹಿಡಿಯ ಎರಡು ಪಕ್ಕ ಪೂರ್ತಿ ಸಮವಿಲ್ಲ. ಸ್ಪೂನುಗಳು ಅಚ್ಚಿನಿಂದ ಬಂದವು, ಎಲ್ಲ ಒಂದೇ ತರ. ಸೌಟನ್ನು ಕೂತು ಬಡಿದಿದ್ದಾರೆ. ಆಕಾರ ಇಂಗ್ಲಿಷ್, ಕೈ ನಮ್ಮದು. ಸೆಟ್ಟಿನ ಸೌಟು ಕಳೆದು ಹೋದಾಗ ಅದರ ಹಾಗೇ ಒಂದು ಮಾಡಿಕೊಡಿ ಅಂತ ಸಾಹೇಬರು ಇಲ್ಲಿನ ಪತ್ತಾರರಿಗೆ ಹೇಳಿರಬೇಕು ಅಂತ ನನ್ನ ಊಹೆ. ಟ್ರಂಕಿನಲ್ಲಿ ಗಟ್ಟಿ ಬೆಳ್ಳಿ ಅಂತ ಇದ್ದದ್ದು ಇದೊಂದೇ. ನಾನು ತುಂಬಾ ಹೊತ್ತು ಕೈಯಲ್ಲಿ ಹಿಡಿದು ನೋಡಿದ ಸಾಮಾನೂ ಇದೇ.

ಟ್ರೇ ಮತ್ತು ಚಾಕು

ತಾಮ್ರ ಕಂಡ ಕೂಡಲೇ 'ಓಲ್ಡ್ ಶೆಫೀಲ್ಡ್' ಅನ್ನುವವರಿದ್ದಾರೆ. ಟ್ರೇ ನೋಡಿದ ಆ ಕೊಳ್ಳುವವರೂ ಹಾಗೇ ಅಂದಿದ್ದರಂತೆ. 1743ರ ಹೊತ್ತಿಗೆ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಥಾಮಸ್ ಬೋಲ್‌ಸೋವರ್ ಕಂಡುಹಿಡಿದ ವಿಧಾನ ಅದು. ತಾಮ್ರದ ಗಟ್ಟಿಯ ಮೇಲೆ ಬೆಳ್ಳಿಯ ತಗಡು ಇಟ್ಟು, ಕಾಯಿಸಿ ಬೆಸೆದು, ಒಟ್ಟಿಗೇ ತಗಡಾಗಿ ಎಳೆಯುತ್ತಿದ್ದರು. ಆ ತಗಡನ್ನು ಕತ್ತರಿಸಿದರೆ ಅಂಚಿನಲ್ಲಿ ತಾಮ್ರ ಕಾಣುತ್ತದೆ. ಅದನ್ನು ಮುಚ್ಚಲು ಅಂಚಿಗೆ ಬೆಳ್ಳಿಯ ತಂತಿ ಅಥವಾ ಪಟ್ಟಿ ಕೂಡಿಸುತ್ತಿದ್ದರು, ಉಗುರಿಗೆ ಆ ಮಡಿಕೆ ಸಿಗುತ್ತದೆ. ಅಕ್ಷರ ಕೆತ್ತುವ ಜಾಗಕ್ಕೆ ದಪ್ಪ ಬೆಳ್ಳಿಯ ತುಂಡು ಸೇರಿಸುತ್ತಿದ್ದರು. ಅಲ್ಲಿ ಬಾಯಿಯಿಂದ ಹಬೆ ಊದಿದರೆ ಅದರ ಗಡಿ ಕಾಣುತ್ತದೆ.

ನಮ್ಮ ಟ್ರೇಯಲ್ಲಿ ಇವೆರಡೂ ಇರಲಿಲ್ಲ. ಅಂಚಿನಲ್ಲಿ ಮಡಿಕೆ ಇಲ್ಲ. ಅಚ್ಚು ಹೊಯ್ದ ಕಾಲುಗಳ ಸಂದಿಯೊಳಗೂ ಲೇಪ ಹರಿದಿದೆ, ಕೆತ್ತನೆಯ ಗೀರಿನ ಒಳಗೂ ಇದೆ. ಪೂರ್ತಿ ತಯಾರಾದ ಟ್ರೇಯನ್ನು ದ್ರಾವಣದಲ್ಲಿ ಮುಳುಗಿಸಿ ಕರೆಂಟಿನಿಂದ ಬೆಳ್ಳಿ ಹಿಡಿಸಿದ್ದು ಇದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ರು ಇದಕ್ಕೆ ಪೇಟೆಂಟ್ ಪಡೆದದ್ದು 1840ರಲ್ಲಿ. ಹಾಗಾಗಿ ಟ್ರೇ ಅದರಿಂದ ಈಚಿನದು.

ಚಾಕುಗಳು ಇನ್ನೊಂದು ತುದಿ ಹಿಡಿದುಕೊಟ್ಟವು. ಅಲಗುಗಳಿಗೆ ತುಕ್ಕು ಹಿಡಿದಿದೆ, ಅಂದರೆ ಸ್ಟೇನ್‌ಲೆಸ್ ಅಲ್ಲ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಉಕ್ಕು ಮಾಡಿದ್ದು 1913ರಲ್ಲಿ. ಅದು ಹಬ್ಬಿದ ಮೇಲೆ ಊಟದ ಚಾಕುಗಳು ತುಕ್ಕು ಹಿಡಿಯುವುದು ನಿಂತಿತು. ಎರಡನ್ನೂ ಸೇರಿಸಿ, ಈ ಸಾಮಾನು ಹೆಚ್ಚಾಗಿ 1870ರಿಂದ 1915ರ ನಡುವಿನದು ಅಂತ ಅಂದಾಜು ಬರೆದುಕೊಟ್ಟೆ.

ಬಿಳಿ ಹಿಡಿ ಆನೆದಂತವೇ ಅನ್ನುವ ಭಯ ಅಕ್ಕನಿಗಿತ್ತು. ಭಯಪಡುವ ವಿಷಯವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಂತದ ವ್ಯಾಪಾರ ನಿಷಿದ್ಧ. ಲೆನ್ಸಿನಲ್ಲಿ ಹಿಡಿಯ ಉದ್ದಕ್ಕೂ ಸಣ್ಣ ಕಂದು ಚುಕ್ಕಿ, ಗೆರೆಗಳು ಕಂಡವು. ಇದು ಮೂಳೆ. ದಂತವಾಗಿದ್ದರೆ ಕತ್ತರಿಸಿದ ತುದಿಯಲ್ಲಿ ಒಂದಕ್ಕೊಂದು ಹಾಯುವ ಕಮಾನು ಗೆರೆಗಳು ಇರುತ್ತವೆ. ಕೆಲವರು ಕಾಯಿಸಿದ ಸೂಜಿ ಚುಚ್ಚಿ ನೋಡುತ್ತಾರೆ. ಹಾಗೆ ಮಾಡಬೇಡಿ. ಅದೇ ಕಾಲದ ಎಷ್ಟೋ ಹಿಡಿಗಳು ಸೆಲ್ಯುಲಾಯ್ಡಿನವು, ಬೆಂಕಿ ತಗುಲಿದರೆ ಭಗ್ ಅಂತ ಹತ್ತಿಕೊಳ್ಳುತ್ತವೆ.

ಪಾಲು ಆದದ್ದು ಹೇಗೆ

ಲೇಪದಲ್ಲಿರುವ ಬೆಳ್ಳಿ ಎಷ್ಟು ಅಂತ ತಮ್ಮ ಕೇಳಿದ. ಲೆಕ್ಕ ಹಾಕಿ ತೋರಿಸಿದೆ. ಊಟದ ಸ್ಪೂನಿನ ಮೇಲ್ಮೈ ಸುಮಾರು 100 ಚದರ ಸೆಂಟಿಮೀಟರ್. ಒಳ್ಳೆಯ ಲೇಪ 20 ಮೈಕ್ರಾನ್ ಅಂದುಕೊಂಡರೂ ಹೊಸದರಲ್ಲಿ ಎರಡು ಗ್ರಾಂ ಬೆಳ್ಳಿ. ಎರಡು ಡಜನ್ನಿಗೆ 50 ಗ್ರಾಂ. ಈಗ ಅದರಲ್ಲೂ ಎಷ್ಟೋ ಸವೆದಿದೆ. ನಾಲ್ಕು ಕಿಲೋ ಟ್ರಂಕನ್ನು ತೂಕದ ಮೇಲೆ ಹಂಚಿದ್ದರೆ ಒಬ್ಬರ ಪಾಲಿಗೆ ತಾಮ್ರ, ಒಬ್ಬರ ಪಾಲಿಗೆ ತವರ ಬರುತ್ತಿತ್ತು. ಸೌಟು ಯಾರ ಕಡೆ ಬಿದ್ದಿತೋ ಅವರಿಗೆ ಮಾತ್ರ ಬೆಳ್ಳಿ.

ಕೊಳ್ಳುವವರಿಗೆ ಬೇಡ ಅಂತ ಹೇಳಿ ಕಳಿಸಿದರು. ಸೌಟಿಗೆ ಆ ದಿನದ ಬೆಳ್ಳಿ ದರ ಹಿಡಿದು, ಅಕ್ಕ ಅದನ್ನು ಇಟ್ಟುಕೊಂಡು ಉಳಿದಿಬ್ಬರಿಗೆ ಅವರ ಪಾಲಿನ ದುಡ್ಡು ಕೊಟ್ಟರು. ಟ್ರೇ ಅಣ್ಣನಿಗೆ, ಟೀ ಪಾಟ್ ಮತ್ತು ಸಕ್ಕರೆ ಬಟ್ಟಲು ತಮ್ಮನಿಗೆ. ಸ್ಪೂನು, ಫೋರ್ಕು, ಚಾಕು ಸಮಸಮವಾಗಿ. ಅಣ್ಣನ ಮಗ ಅಮೆರಿಕದಲ್ಲಿದ್ದಾನೆ, ಟ್ರೇಯನ್ನು ಅಲ್ಲಿಗೆ ಕಳಿಸುವ ಯೋಚನೆ ಇತ್ತು. ಅದನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರಬಹುದು. ದೇಶದ ಆಚೆ ಒಯ್ಯುವ ಮುಂಚೆ ಪುರಾತತ್ವ ಇಲಾಖೆಯಿಂದ ಇದು ಪುರಾವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಬೇಕು.

ಇಡುವ ರೀತಿ ಬದಲಿಸಲು ಮೂವರಿಗೂ ಹೇಳಿದೆ. ಫೋರ್ಕುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. ಬ್ಯಾಂಡ್ ಒಣಗಿ ಉದುರಿದೆ, ಆದರೆ ಅದು ಕೂತಿದ್ದ ಜಾಗದಲ್ಲಿ ಪ್ರತಿ ಹಿಡಿಯ ಮೇಲೂ ಅಡ್ಡಕ್ಕೆ ಒಂದು ಕಪ್ಪು ಗೆರೆ ಕೊರೆದಂತೆ ಉಳಿದಿದೆ. ರಬ್ಬರಿನ ಗಂಧಕ ಬೆಳ್ಳಿಯನ್ನು ತಿಂದದ್ದು ಅದು, ಪಾಲಿಶ್ ಮಾಡಿದರೂ ಹೋಗುವುದಿಲ್ಲ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡುವುದು ಸಾಕು. ಹುಣಸೆಹಣ್ಣು, ಬೂದಿ, ಸ್ಕ್ರಬ್ಬರ್ ಬೇಡವೇ ಬೇಡ. ಚಾಕುಗಳನ್ನು ಬಿಸಿನೀರಿನಲ್ಲಿ ನೆನೆಸಬಾರದು, ಹಿಡಿಯೊಳಗಿನ ಅಂಟು ಬಿಟ್ಟುಕೊಳ್ಳುತ್ತದೆ.

ಹಳದಿ ಕಾಣುವ ಸ್ಪೂನುಗಳಲ್ಲಿ ಉಪ್ಪಿನಕಾಯಿ, ಹುಳಿ ಪದಾರ್ಥ ಬಡಿಸಿದರೆ ಹಸಿರು ಕಿಲುಬು ಏಳುತ್ತದೆ. ದಿನಾ ಬಳಸುವ ಆಸೆ ತಮ್ಮನಿಗೆ ಇತ್ತು. ಹಾಗಾಗಿ ತನ್ನ ಪಾಲಿನ ಸ್ಪೂನುಗಳಿಗೆ ಮಾತ್ರ ಹೊಸದಾಗಿ ಬೆಳ್ಳಿ ಲೇಪ ಹಾಕಿಸಿದ. ಟ್ರೇಗೂ ಹಾಕಿಸೋಣವೇ ಅಂತ ಅಣ್ಣ ಕೇಳಿದರು. ಬೇಡ ಅಂದೆ. ಹೊಸ ಲೇಪ ಹಾಕುವ ಮುಂಚೆ ಮೇಲ್ಮೈಯನ್ನು ತಿಕ್ಕಿ ನುಣುಪು ಮಾಡುತ್ತಾರೆ, ಆ ಎರಡು ಅಕ್ಷರಗಳ ಕೆತ್ತನೆ ಅದರಲ್ಲಿ ಅರ್ಧ ಹೋಗುತ್ತದೆ. ಈ ಸಾಮಾನು ಯಾರದಾಗಿತ್ತು ಅಂತ ಹುಡುಕಲು ಅವರ ಕೈಯಲ್ಲಿರುವ ಸುಳಿವು ಅದೊಂದೇ. ಅಣ್ಣ ಅದರ ಫೋಟೊ ತೆಗೆಸಿ, ಈಗ ಕಂಟೋನ್ಮೆಂಟಿನ ಹಳೇ ಸ್ಮಶಾನದ ಕಲ್ಲುಗಳ ಮೇಲಿನ ಹೆಸರುಗಳ ಜೊತೆ ತಾಳೆ ನೋಡುತ್ತಿದ್ದಾರೆ.